ಲೈಸೆನ್ಸ್ ಬರೋವರೆಗೆ ಕಾಲು ಮುಟ್ಟಬಾರದು

ನನ್ನ ಕೆಲಸ ಏನು ಅಂತ ಹೇಳಿ ಸುಮ್ಮನಾಗುವ ಭಾಗ್ಯ ನನಗಿಲ್ಲ. ಹೇಳಿದ ಕಡೆಯೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ.

ನಾನು ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್. ಥೆರಪಿಸ್ಟ್ ರೋಗಿಯನ್ನು ನೋಡಿ ಏನು ಮಾಡಿಸಬೇಕು ಅಂತ ಬರೆದುಕೊಡುತ್ತಾರೆ. ಬೆವರು ಸುರಿಸಿ ಮಾಡಿಸುವವನು ನಾನು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಊರೂರು ಅಲೆದವನು, ಅಮೆರಿಕಕ್ಕೆ ಬಂದು ಶಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಸೊಂಟ ಹಿಡಿಸಿಕೊಂಡೆ. ಆ ಸೊಂಟ ಬಿಡಿಸಿದವನ ಕೆಲಸವೇ ಚೆನ್ನಾಗಿದೆ ಅನ್ನಿಸಿತು. ಓದುವ ವಯಸ್ಸು ದಾಟಿದ ಮೇಲೆ ಹೈಸ್ಕೂಲ್ ಪರೀಕ್ಷೆ ಕಟ್ಟಿ, ಕಾಲೇಜು ಮುಗಿಸಿ, ಬೋರ್ಡ್ ಪರೀಕ್ಷೆ ಪಾಸಾಗಿ ಇಲಿನಾಯ್ ರಾಜ್ಯದ ಲೈಸೆನ್ಸ್ ತಗೊಂಡೆ. ಜೀವನದಲ್ಲಿ ನಾನು ಶುರುಮಾಡಿ ಮುಗಿಸಿದ್ದು ಅದೊಂದೇ. ಅದರ ತಂಟೆಗೆ ಯಾರಾದರೂ ಬಂದರೆ ಮೈ ಉರಿಯುತ್ತದೆ.

ನೋವಲ್ಲ

ವೆಸ್ಟ್‌ಮಂಟ್‌ನಲ್ಲಿ ಕನ್ನಡದ ಆಂಟಿಯೊಬ್ಬರಿಗೆ ಆಪರೇಷನ್ ಮಾಡಿ ಮಂಡಿ ಬದಲಾಯಿಸಿದ್ದರು. ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. "ಬರೀ ಅಸಿಸ್ಟೆಂಟಾ? ದೊಡ್ಡೋರು ಬರಲ್ವಾ?" ಅಂತ ಮೊದಲ ದಿನವೇ ಬಾಣ ಬಿಟ್ಟರು. ನುಂಗಿಕೊಂಡು ಅವರ ಹಿಮ್ಮಡಿ ಹಿಡಿದೆ. ಕಿರಿಯನೊಬ್ಬ ಕಾಲು ಮುಟ್ಟಿದರೆ ಹಿರಿಯರ ಬಾಯಿ ಸುಮ್ಮನಿರುತ್ತದೆಯೇ?

"ನೂರ್ಕಾಲ ಬಾಳಪ್ಪಾ!"

ಕಾಲು ಎತ್ತಿಸಿ, ಇಳಿಸಿ, ಮತ್ತೆ ಹಿಡಿದೆ.

"ಬೇಗ ಮದುವೆಯಾಗ್ಲಿ!"

ಹಿಡಿದಾಗೆಲ್ಲ ಒಂದೊಂದು. ಒಂದು ದಿನ ನಮ್ಮ ಥೆರಪಿಸ್ಟ್, ಆಗಷ್ಟೇ ಓದು ಮುಗಿಸಿದ ಅಮೆರಿಕನ್ ಹೆಣ್ಣುಮಗಳು, ತಪಾಸಣೆಗೆ ಬಂದವರು ಬಾಗಿಲಲ್ಲೇ ಗಾಬರಿಯಾದರು. "ಮುಟ್ಟಿದಾಗೆಲ್ಲ ಕೂಗ್ತಿದ್ದಾರಲ್ಲ, ಅಷ್ಟು ನೋವಾ?"

"ನೋವಲ್ಲ ಮೇಡಂ, ಆಶೀರ್ವಾದ."

ಆಂಟಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ ನನ್ನನ್ನು ಕೇಳಿದರು: "ಈ ಮಗು ಯಾರಪ್ಪಾ, ನಿನ್ನ ಅಸಿಸ್ಟೆಂಟಾ?"

ಗೆರೆ

ಒಂದು ಕಡೆ ಕಾಲು ನಿಲ್ಲುವ ಜಾಯಮಾನ ನನ್ನದಲ್ಲ. ಶಿಕಾಗೋ ಸಾಕಾಗಿ, ಡೆಟ್ರಾಯ್ಟ್ ಪಕ್ಕದ ಪ್ಲಿಮತ್‌ಗೆ ಗಂಟುಮೂಟೆ ಕಟ್ಟಿದೆ. ಅದು ಮಿಷಿಗನ್ ರಾಜ್ಯ. ಬೇರೆ ಲೈಸೆನ್ಸೇ ಬೇಕಂತೆ! ಅದು ಬರುವವರೆಗೆ ಚಿಕಿತ್ಸೆ ಅಂತ ಯಾರ ಮೈ ಮುಟ್ಟಿದರೂ ಅಪರಾಧ. ಸಿಕ್ಕಿಬಿದ್ದರೆ ಬರಬೇಕಾದದ್ದೂ ಇಲ್ಲ, ಇದ್ದದ್ದೂ ಇಲ್ಲ.

ಲೈಸೆನ್ಸ್ ಆಫೀಸಿಗೆ ಫೋನ್ ಮಾಡಿ ಕೇಳಿಯೇ ಬಿಟ್ಟೆ: "ಯಾಕಮ್ಮಾ, ನಿಮ್ಮ ರಾಜ್ಯದಲ್ಲಿ ಮಂಡಿ ಉಲ್ಟಾ ಮಡಚುತ್ತಾ?"

ಆಕೆ ತಣ್ಣಗೆ, "ಮೊದಲು ಬೆರಳಚ್ಚು ಕೊಡಿ ಸರ್" ಅಂದಳು.

ಹೋದೆ. ಯಂತ್ರ ನನ್ನ ಬೆರಳನ್ನು ಒಪ್ಪಲೊಲ್ಲದು. ಅಲ್ಲಿದ್ದವನು ಹೆಬ್ಬೆರಳನ್ನು ಒರೆಸಿದ, ಒತ್ತಿದ, ಬೆಳಕಿಗೆ ಹಿಡಿದು ನೋಡಿದ. "ಗೆರೆನೇ ಇಲ್ವಲ್ಲ ಸರ್, ಎಲ್ಲಿ ಹೋಯ್ತು?"

"ಶಿಕಾಗೋದವರ ಬೆನ್ನ ಮೇಲೆ ಹುಡುಕಿ!" ಅಂದೆ.

ಕುರ್ಚಿ

ಹೇಗೋ ಬೆರಳಚ್ಚು ಕೊಟ್ಟು, ಲೈಸೆನ್ಸಿಗೆ ಕಾಯುತ್ತಾ ಕೆಲಸವಿಲ್ಲದೆ ಕೂತಿದ್ದಾಗ ಬಾಗಲಕೋಟೆ ಕಡೆಯ ಎಂಜಿನಿಯರೊಬ್ಬರು ಊಟಕ್ಕೆ ಕರೆದರು. "ಅಂದ್ರ ನೀವು ಮಾಲೀಸ್ ಮಾಡ್ತೀರೇನ್ರಿ?"

"ಮಾಲೀಸ್ ಅಲ್ಲ ಸರ್, ಅದು..."

"ನಮಗ ಬೇಕಾಗಂಗಿಲ್ಲ ಬಿಡ್ರಿ. ಅಲ್ನೋಡ್ರಿ ಕುರ್ಚಿ. ಸ್ವಿಚ್ ಹಾಕಿದ್ರ ಸೊಂಟ, ಬೆನ್ನು ಎಲ್ಲಾ ಒತ್ತತೈತಿ. ಶಿಕಾಗೋದಾಗ ಇದ್ದಾಗ ತಗೊಂಡಿದ್ದು, ಟ್ರಕ್‌ನ್ಯಾಗ ಹಾಕ್ಕೊಂಡು ಬಂದ್ವಿ."

ಆ ಕುರ್ಚಿಯನ್ನು ದುರುಗುಟ್ಟಿ ನೋಡಿದೆ. ಅದೂ ಇಲಿನಾಯ್‌ನದೇ. ಬಂದ ದಿನವೇ ಕೆಲಸಕ್ಕೆ ಹಾಜರು. ಒಬ್ಬನೂ ಅದರ ಬೆರಳಚ್ಚು ಕೇಳಿರಲಿಲ್ಲ.

ವಾಪಸ್

ಆ ಎಂಜಿನಿಯರ್ ಇದ್ದ ಬಡಾವಣೆಯಲ್ಲೇ ಒಂದು ಸತ್ಯನಾರಾಯಣ ಪೂಜೆ. ಮನೆಯೊಡತಿಯ ಅತ್ತೆ, ಮೈಸೂರಿನ ಅಜ್ಜಿ, ಸೋಫಾದಲ್ಲಿ ಕಾಲು ಚಾಚಿ ಕೂತಿದ್ದರು. ಎಲ್ಲರ ಹಾಗೆ ನಾನೂ ಬಗ್ಗಿ ಪಾದ ಮುಟ್ಟಿದೆ. ತಲೆ ಮೇಲೆ ಕೈ ಬಂತು. ಬಂದ ಕೈ ಹೋಗಲಿಲ್ಲ.

"ನೀನೇ ಅಲ್ವೇನೋ ಕಾಲು ನೋಡೋನು? ಹೇಗೂ ಬಗ್ಗಿದೀಯ, ಹಾಗೇ ಹಿಮ್ಮಡಿ ಸ್ವಲ್ಪ ಒತ್ತಪ್ಪಾ."

"ಅಜ್ಜಿ, ಲೈಸೆನ್ಸ್ ಬಂದಿಲ್ಲ, ಒತ್ತೋ ಹಾಗಿಲ್ಲ!"

"ನಾನೇನು ಡ್ರೈವ್ ಮಾಡು ಅಂದ್ನೇ? ಒತ್ತು ಅಂದೆ."

ಅಷ್ಟರಲ್ಲಿ ಅವರ ಮೊಮ್ಮಗಳು ಫೋನ್ ಹಿಡಿದು ಬಂದಳು. "ಸ್ಮೈಲ್ ಅಂಕಲ್, ಐ ಆಮ್ ರೆಕಾರ್ಡಿಂಗ್!" ಮಿಷಿಗನ್ ಲೈಸೆನ್ಸ್ ಕಣ್ಣೆದುರೇ ಹಾರಿಹೋದ ಹಾಗಾಯಿತು. ತಲೆ ಅಜ್ಜಿಯ ಕೈಯಡಿ ಇರುವ ಹಾಗೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಓರೆಗಣ್ಣಲ್ಲಿ ನೋಡಿದರೆ, ಮಂಡಿನೋವಿನ ಅಂಕಲ್‌ಗಳೆಲ್ಲ ಕುರ್ಚಿ ಎಳೆದುಕೊಂಡು, ಪ್ಯಾಂಟ್ ಮಡಚಿಕೊಂಡು, ನನಗೆ ಆಶೀರ್ವಾದ ಮಾಡಲು ಸಾಲಾಗಿ ಕೂತಿದ್ದಾರೆ!

ಕೊನೆಗೆ ಅಜ್ಜಿಗೇ ಕರುಣೆ ಬಂತು. "ಆಯ್ತು, ನಿನ್ನ ಲೈಸೆನ್ಸ್ ಬೇಗ ಬರ್ಲಿ. ಬಂದ ದಿನವೇ ಬಾ."

ಬಂತು ಸ್ವಾಮಿ, ಮರುವಾರವೇ ಬಂತು! ಮೊದಲು ಓಡಿದ್ದು ಅವರ ಮನೆಗೆ. ಅಜ್ಜಿ ಗತ್ತಿನಿಂದ ಕಾಲು ಚಾಚಿದರು. "ನೋಡಿದ್ಯಾ ನನ್ನ ಮಾತು? ಹೂಂ, ಒತ್ತು."

"ಅಜ್ಜಿ, ಅದು... ಮೊದಲು ಥೆರಪಿಸ್ಟ್ ನಿಮ್ಮನ್ನ ನೋಡಿ ಬರೆದುಕೊಡಬೇಕು. ನಾನಾಗೇ ಶುರು ಮಾಡೋ ಹಾಗಿಲ್ಲ. ನಾನು ಅಸಿಸ್ಟೆಂಟು."

ಅಜ್ಜಿ ಕಾಲು ಒಳಗೆಳೆದುಕೊಂಡು ಕೈ ಚಾಚಿದರು.

"ಹಾಗಾದ್ರೆ ನನ್ನ ಆಶೀರ್ವಾದ ವಾಪಸ್ ಕೊಡು."