ಹಳದಿಗೂಡೇ ಗಟ್ಟಿ

ಬಾಗಿಲು ಬಡಿದ ಸದ್ದಾಯಿತು. ರಾತ್ರಿಯ ಊಟಕ್ಕೆ ಇನ್ನೂ ತಟ್ಟೆ ಇಟ್ಟಿರಲಿಲ್ಲ. ಅಂಕಯ್ಯ ಚಿಲಕ ತೆಗೆದರೆ ಹೊಸ್ತಿಲಾಚೆ ಪಕ್ಕದ ಮನೆಯ ಅಶ್ವಥ್ ನಿಂತಿದ್ದ. ಅಂಕಯ್ಯನ ಹೆಗಲ ಮೇಲಿಂದ ಕತ್ತು ಚಾಚಿ, ನಡುಮನೆಯಲ್ಲಿ ರಾಶಿ ಹಾಕಿದ್ದ ರೇಷ್ಮೆಗೂಡಿನತ್ತ ಮೂಗು ತಿರುಗಿಸಿ, ಮಲ್ಲಿಗೆ ಬುಟ್ಟಿಯ ಮುಂದೆ ನಿಂತವನಂತೆ ದೀರ್ಘವಾಗಿ ಉಸಿರೆಳೆದ.

"ಏನ್ಲಾ ಅಶ್ವಥ?"

"ಏನಿಲ್ಲ ಕಣಣ್ಣ. ಸುಮ್ಕೆ ಬಂದೆ."

"ಮೂಸಿದ್ದು ಯಾಕ್ಲಾ?"

"ನೆಗಡಿ ಆಗಿತ್ತು. ಮೂಗು ಕೆಲ್ಸ ಮಾಡ್ತೈತಾ ಅಂತ ನೋಡ್ಕಂಡೆ," ಎಂದವನೇ ಕತ್ತಲಲ್ಲಿ ಕರಗಿಹೋದ.

ಚಿಲಕ ಹಾಕುವಷ್ಟರಲ್ಲಿ ಮತ್ತೆ ಬಡಿತ. ಈ ಸಲ ಊರಿನ ಹಿರಿಯ ರಾಮಲಿಂಗಯ್ಯ. ಅವರು ನೇರವಾಗಿ ಒಳಗೆ ಬಂದು, ರಾಶಿಯಿಂದ ಒಂದು ಗೂಡೆತ್ತಿ ಕಿವಿಯ ಬಳಿ ಅಲ್ಲಾಡಿಸಿ, ಮೆಲ್ಲಗೆ ಹಿಂದಕ್ಕಿಟ್ಟು, ಸಾವಿನ ಮನೆಗೆ ಬಂದವರಂತೆ ಅಂಕಯ್ಯನ ಬೆನ್ನು ಸವರಿದರು.

"ಮನ್ಸಿಗೆ ಹಚ್ಕಬ್ಯಾಡ ಕಣಪ್ಪ. ಎಲ್ಲಾರ ಮನೇಲೂ ಆಯ್ತದೆ."

"ಏನಾಯ್ತದೆ?"

ರಾಮಲಿಂಗಯ್ಯ ಇನ್ನೊಮ್ಮೆ ಬೆನ್ನು ಸವರಿ ಹೊರಟುಹೋದರು.

ಒಲೆಯ ಮುಂದಿನಿಂದ ಕಾವೇರಮ್ಮ ಕೇಳಿದಳು, "ಯಾರಂತೆ?"

"ಯಾರಾದ್ರೇನು, ಬಂದವ್ರೆಲ್ಲ ಮೂಸಿ ಹೋಯ್ತಾವ್ರೆ."

ಕಾವೇರಮ್ಮ ನಕ್ಕಳು. ಅಂದು ಅವಳ ಕೈ ಧಾರಾಳವಾಗಿತ್ತು. ಕೇಳದೆಯೇ ಮುದ್ದೆಯ ಮೇಲೆ ತುಪ್ಪ ಬಿತ್ತು. ಹೆಂಡತಿ ಬಡಿಸಿದ ತುಪ್ಪಕ್ಕೆ ಕಾರಣ ಹುಡುಕುವ ಅಭ್ಯಾಸ ಅಂಕಯ್ಯನಿಗಿರಲಿಲ್ಲ. ಉಂಡು ಮಲಗಿದ.

ಅಕ್ಕೂರಿನ ಆ ಮನೆಯಲ್ಲಿ ಅಂಕಯ್ಯನ ಅಪ್ಪನ ಕಾಲದಿಂದಲೂ ಹಳದಿಗೂಡನ್ನೇ ಬೆಳೆಯುತ್ತಿದ್ದರು. ಈ ಸಲ ಮಾತ್ರ ಅಂಕಯ್ಯ ಹಟ ಹಿಡಿದು ಬಿಳಿಗೂಡಿನ ಹುಳು ತಂದಿದ್ದ. ಬಿಳಿಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಆದರೆ ಆ ಹುಳುವಿನದು ಜಮೀನ್ದಾರರ ಮಗನ ಮೈ, ಬಿಸಿಲು ತಾಕಬಾರದು, ತಂಡಿ ಸೋಕಬಾರದು. ಕಾವೇರಮ್ಮ ಮೊದಲ ದಿನವೇ ಹೇಳಿದ್ದಳು, "ಬಿಳಿದು ನೋಡಕ್ಕೆ ಚೆಂದ, ಸಾಕಕ್ಕಲ್ಲ. ಹಳದಿಗೂಡೇ ಗಟ್ಟಿ."

"ಪಂಥ ಕಟ್ತೀಯಾ?" ಎಂದಿದ್ದ ಅಂಕಯ್ಯ. "ಬಿಳಿದು ಹಳದಿಗಿಂತ ಮೇಲಿನ ಬೆಲೆಗೋದ್ರೆ ನಾವಿಬ್ರೇ ಸಾವನದುರ್ಗಕ್ಕೆ ಹೋಗುವಾ."

"ಮದ್ವೆ ಆದ ವರ್ಸದಿಂದ ಅದುನ್ನೇ ಹೇಳ್ತಾ ಇದ್ದೀರಿ. ಸೋತ್ರೆ?"

"ಸೋತ್ರೆ ಹೋಗದೂ ಇಲ್ಲ, ಮುಂದಲ ಬೆಳೆಯಿಂದ ನಾನು ಬಾಯೂ ಬುಡಕಿಲ್ಲ."

ಅವನಿಗೆ ಬೇಕಾಗಿದ್ದುದು ಬೆಟ್ಟವಲ್ಲ. ಬೆಟ್ಟದ ತುದಿಯಲ್ಲಿ, ಗಾಳಿ ಬೀಸುವಾಗ, ಕಾವೇರಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. ಅದನ್ನು ಹೀಗೆ ಎತ್ತರದ ಜಾಗದಲ್ಲಿಯೇ ಹೇಳಬೇಕೆಂದು ಅವನಿಗೆ ಕಲಿಸಿದ್ದು ಕೊರಿಯಾದ ಧಾರಾವಾಹಿಗಳು.

ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ರಾತ್ರಿಯೂ ಸೊಪ್ಪು ಹಾಕಬೇಕು. ನಿದ್ದೆ ತಡೆಯಲೆಂದು ಫೋನು ಒತ್ತುತ್ತಿದ್ದವನಿಗೆ ಕೆಲವು ವರ್ಷಗಳ ಹಿಂದೆ ಒಂದು ಇರುಳು, ತೆಲುಗು ಮಾತು ಕೂಡಿಸಿದ ಕೊರಿಯಾದ ಧಾರಾವಾಹಿಯೊಂದು ಸಿಕ್ಕಿತ್ತು. ಮಾತು ಅರ್ಧ ತಿಳಿಯಿತು, ಅಳು ಪೂರ್ತಿ ತಿಳಿಯಿತು. ಅಂದಿನಿಂದ ಅಂಕಯ್ಯ ಆ ದೇಶದ ಪ್ರಜೆಯಾದ. ಕಣ್ಣು ಕೆಂಪಾದುದೇಕೆಂದು ಕಾವೇರಮ್ಮ ಕೇಳಿದರೆ, ಹುಳುವಿನ ಹಾಸಿಗೆಗೆ ಎರಚುವ ಸುಣ್ಣದ ಪುಡಿಯ ಮೇಲೆ ತಪ್ಪು ಹೊರಿಸುತ್ತಿದ್ದ.

ಅವನ ಗುಟ್ಟು ಬಲ್ಲವನು ಒಬ್ಬನೇ: ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಬಿಚ್ಚಾಣಿಕೆ ನಡೆಸುವ ಸಮೀವುಲ್ಲಾ. ಆತನಿಗೂ ಅದೇ ಹುಚ್ಚು. ಆತನ ಕಣ್ಣೀರಿನ ತಪ್ಪನ್ನು ಗೂಡು ಬೇಯಿಸುವ ಹಬೆ ಹೊರುತ್ತಿತ್ತು. ಇಬ್ಬರೂ ಧ್ವನಿಸಂದೇಶಗಳಲ್ಲಿ ವಿಮರ್ಶೆ ನಡೆಸುತ್ತಿದ್ದರು.

ಅಂಕಯ್ಯನ ಅಭಿಪ್ರಾಯಗಳು ಖಚಿತವಾಗಿದ್ದವು. "ಸಾಹೇಬ್ರೇ, ನಮ್ ಧಾರಾವಾಹೀಲಿ ಮೊದಲ್ನೇ ವಾರ ಮದ್ವೆ, ಆಮ್ಯಾಕೆ ಎಂಟು ವರ್ಸ ಹಾಲಿಗೆ ವಿಷ. ಇವ್ರು ಹಂಗಲ್ಲ. ಹುಳ ಪೊರೆ ಬುಡೋ ನಾಕು ಜ್ವರ ಕಳ್ದು ಹಣ್ಣಾಗಲ್ವಾ, ಹಂಗೆ. ಕೊಡೆ ಹಿಡಿಯಕ್ಕೇ ಒಂದು ಜ್ವರ. ಕೈ ಮುಟ್ಟಕ್ಕೆ ಇನ್ನೊಂದು. ಆಮೇಲೇ ಗೂಡು ಕಟ್ಟದು." ರಸ್ತೆ ದಾಟುವ ನಾಯಕನ ಮೇಲೆ ಪ್ರತಿಸಲವೂ ಅದೇ ಬಿಳಿ ಲಾರಿ ಹಾಯುವುದನ್ನು ಅವನು ಒಪ್ಪುತ್ತಿರಲಿಲ್ಲ: "ಆ ಡ್ರೈವರ್ ಲೈಸೆನ್ಸ್ ಕಿತ್ಕಳೋರೇ ಇಲ್ವಾ ಆ ದೇಶದಾಗೆ?"

ತೊಂದರೆ ಹೆಸರುಗಳದ್ದು. ಆ ಹೆಸರುಗಳು ನಾಲಗೆಯ ಮೇಲೆ ಸೋಪಿನಂತೆ ಜಾರುತ್ತಿದ್ದವು. ಹಾಗಾಗಿ ಗೆಳೆಯರಿಬ್ಬರೂ ತಮ್ಮ ಕಸುಬಿನ ಹೆಸರುಗಳನ್ನೇ ಇಟ್ಟುಕೊಂಡರು. ಬಿಳಿ ಕೋಟಿನ ಶ್ರೀಮಂತ ಡಾಕ್ಟರು 'ಬಿಳಿಗೂಡು'. ಹಳದಿ ಮಳೆಯಂಗಿ ತೊಟ್ಟು ತಳ್ಳುಗಾಡಿಯಲ್ಲಿ ಶ್ಯಾವಿಗೆ ಮಾರುವ ಬಡ ಗೆಳೆಯ 'ಹಳದಿಗೂಡು'. ಇಬ್ಬರೂ ಎಳೆದೆಳೆದು ಸಣ್ಣಗಾಗುತ್ತಿದ್ದ ಹುಡುಗಿ 'ನೂಲು'. ಅಂಕಯ್ಯ ಡಾಕ್ಟರ ಪಕ್ಷ, ಸಮೀವುಲ್ಲಾ ಶ್ಯಾವಿಗೆಯ ಪಕ್ಷ.

ಬಾಗಿಲು ಬಡಿದ ಆ ಸಂಜೆ, ಕೊನೆಯ ಕಂತೊಂದೇ ಬಾಕಿ ಇದ್ದಾಗ, ಡಾಕ್ಟರು ತಾಯಿಯ ಮಾತು ಕೇಳಿ, ಹುಡುಗಿಯನ್ನು ಮಳೆಯಲ್ಲಿ ಬಿಟ್ಟು ವಿಮಾನ ಹತ್ತಿಬಿಟ್ಟ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕುಳಿತು ಅಂಕಯ್ಯ ಅಳುತ್ತಲೇ ಧ್ವನಿಸಂದೇಶ ಕಳಿಸಿದ್ದ:

"ನಾನ್ ಸೋತೆ ಸಾಹೇಬ್ರೇ. ನಿದ್ದೆಗೆಟ್ಟು ಕಾದಿದ್ದೆಲ್ಲ ನೀರ್ ಪಾಲಾಯ್ತು. ಬಿಳಿಗೂಡು ನಂಬಿ ಕೆಟ್ಟೆ. ಮ್ಯಾಲೆ ಹೊಳಪು, ಒಳಗೆ ಸತ್ತೋಗೈತೆ. ಯಾರೂ ನಂಬ್ಬ್ಯಾಡಿ. ನೂಲಿಗೆ ಹಳದಿಗೂಡೇ ಗಟ್ಟಿ."

ಬಳಿಕ ಮನೆಗೆ ಬಂದು ಫೋನನ್ನು ಕಿಟಕಿಯ ಬಳಿ ಚಾರ್ಜಿಗಿಟ್ಟು, ಸ್ನಾನಕ್ಕೆ ಹೋಗಿದ್ದ. ಮನೆಗಿದ್ದುದು ಅದೊಂದೇ ಟಚ್ ಫೋನು.

ಮರುದಿನ ಬೆಳಿಗ್ಗೆ ಅಶ್ವಥನ ಗೂಡ್ಸ್ ಆಟೋದಲ್ಲಿ ಮೂಟೆ ಹೇರಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆ ತಲುಪಿದಾಗ, ಒಗಟು ತಾನಾಗಿಯೇ ಬಿಡಿಸಿಕೊಂಡಿತು. ಸಭಾಂಗಣದ ಮೂಲೆಮೂಲೆಯಲ್ಲೂ ಫೋನುಗಳು ಅಳುತ್ತಿದ್ದವು. ಅಳುತ್ತಿದ್ದುದು ಅಂಕಯ್ಯನ ಧ್ವನಿಯಲ್ಲಿ.

'ಒಳಗೆ ಸತ್ತೋಗೈತೆ... ಯಾರೂ ನಂಬ್ಬ್ಯಾಡಿ...'

ಬೆಳೆದ ರೈತನೇ ಕಣ್ಣೀರಿಟ್ಟು ಹೇಳಿದ ಮೇಲೆ ಸಾಕ್ಷಿ ಯಾರಿಗೆ ಬೇಕು? ನೂಲು ತೆಗೆಯುವವರು ಬಿಳಿಗೂಡಿನ ರಾಶಿಗಳನ್ನು ಸುತ್ತಿ ಬಳಸಿ, ಹಳದಿಯ ಮುಂದೆ ಮುಗಿಬಿದ್ದಿದ್ದರು. ಹಳದಿಗೂಡು ತಂದಿದ್ದ ಅಶ್ವಥ್ ಹೊಸ ಅಳಿಯನಂತೆ ನಿಂತಿದ್ದ. ಅಂಕಯ್ಯನ ರಾಶಿಯ ಮುಂದೆ ಒಂದು ನೊಣವೂ ಇರಲಿಲ್ಲ.

"ಲೇ ಅಶ್ವಥ, ಇದು ನಿನ್ ಕೆಲ್ಸ ತಾನೇ? ನಿನ್ ಹಳದಿ ಏರ್ಲಿ ಅಂತ ನೀನೇ ಹರಡಿದ್ದೀಯ!"

"ಅಯ್ಯೋ, ನನ್ ಮೇಲ್ಯಾಕ್ ಬೀಳ್ತೀಯಣ್ಣ? ನನಗೂ ಯಾರೋ ಕಳಿಸಿದ್ರು. ಒಳಗೆ ಹುಳ ಸತ್ತು ನಾತ ಬತ್ತೈತಾ ಅಂತ ತಾನೇ ಮೂಸಕ್ಕೆ ಬಂದಿದ್ದು!"

ಅಂಕಯ್ಯ ಸಮೀವುಲ್ಲಾನನ್ನು ಹುಡುಕಿ, ಕೈ ಹಿಡಿದು, ಹತ್ತು ಜನ ವ್ಯಾಪಾರಿಗಳ ಮುಂದೆ ಎಳೆದು ತಂದ. "ಇವ್ರುನ್ನೇ ಕೇಳ್ರಪ್ಪಾ! ನಾನು ಹೇಳಿದ್ದು ಈ ಗೂಡಿನ ವಿಚಾರ ಅಲ್ಲ. ಬಿಳಿಗೂಡು ಅಂದ್ರೆ ಡಾಕ್ಟ್ರು. ಹೇಳಿ ಸಾಹೇಬ್ರೇ!"

ಸಮೀವುಲ್ಲಾ ಸುತ್ತಲೂ ನೋಡಿದ. ಅಲ್ಲಿದ್ದವರೆಲ್ಲ ಅವನ ಕಸುಬಿನವರು. ಅವನ ಕಣ್ಣೀರನ್ನು ಇಷ್ಟು ವರ್ಷ ಹಬೆಯೆಂದೇ ನಂಬಿದವರು. ಆತ ಸೂರಿನ ಕಡೆ ಮುಖವೆತ್ತಿದ.

"ಯಾವ ಡಾಕ್ಟ್ರು ಅಂಕಯ್ಯ? ಮೈ ಹುಷಾರಿಲ್ವಾ?"

ಕೊರಿಯಾದಲ್ಲಾಗಿದ್ದರೆ ಇಲ್ಲಿ ನಿಧಾನಕ್ಕೆ ಸಂಗೀತ ಕೇಳಿಸಬೇಕಿತ್ತು. ಇಲ್ಲಿ ಕೇಳಿಸಿದ್ದು ರಾಮಲಿಂಗಯ್ಯನವರ ಕೆಮ್ಮು. ಊರಿನವರ ಕಷ್ಟವೆಲ್ಲ ತಮ್ಮದೆಂದು ತಿಳಿದ ಅವರು ಮಧ್ಯಸ್ಥಿಕೆಗೆ ಇಳಿದರು. "ಸರ್‍ಯಾಗ್ ಬುಡ್ಸೇಳಪ್ಪ. ಯಾವ್ ಊರ್ ಡಾಕ್ಟ್ರು?"

"ನಮ್ಮೂರೋರಲ್ಲ ಯಜಮಾನ್ರೇ. ಕೊರಿಯಾದೋರು!" ಅಂಕಯ್ಯ ಮಾನ ಬಿಟ್ಟು ಕೂಗಿದ. "ನಾನ್ ಹೇಳಿದ್ದು ಕೊರಿಯಾದ ಬಿಳಿಗೂಡು!"

ವ್ಯಾಪಾರಿಗಳೆಲ್ಲ ಒಮ್ಮೆಗೇ ಅವನತ್ತ ತಿರುಗಿದರು.

"ಏನು? ಕೊರಿಯಾದಿಂದ ಗೂಡು ಬತ್ತೈತಾ?"

"ಬಿಳಿ ಗೂಡಂತೆ!"

"ಹಡಗಿನಾಗಂತೆ!"

"ಅದುಕ್ಕೇ ಈವಯ್ಯ ಅತ್ತಿರೋದು!"

ಬಾಯಿಂದ ಬಾಯಿಗೆ ಹಾರುವಷ್ಟರಲ್ಲಿ ಹಡಗು ಮದರಾಸು ಮುಟ್ಟಿ, ಗೂಡು ಲಾರಿಗೇರಿತ್ತು. ಹಳದಿಯ ಬೆಲೆಯೂ ನಡುಗತೊಡಗಿತು. ಅಶ್ವಥನ ಮುಖದಲ್ಲಿದ್ದ ಅಳಿಯ ಓಡಿಹೋದ. "ಅಣ್ಣಾ, ಕೈ ಮುಗೀತೀನಿ, ಇನ್ನೊಂದು ಮಾತಾಡ್ಬ್ಯಾಡ ಕಣಣ್ಣ! ನೀನ್ ಬಾಯ್ ತೆಗುದ್ರೆ ಒಂದೊಂದ್ ಬೆಳೆ ಮುಳುಗ್ತೈತೆ!"

ಅಂಕಯ್ಯ ಬಾಯಿ ಮುಚ್ಚಿದ. ಮೂಟೆಯನ್ನು ಹಿಂದಕ್ಕೆ ಒಯ್ಯುವಂತಿರಲಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಲ್ಲವೂ ಹೊಟ್ಟು. ಮಾರುಕಟ್ಟೆ ಮುಗಿಯುವ ಗಂಟೆಯಾಗುವವರೆಗೂ ಅವನು ತನ್ನ ರಾಶಿಯ ಪಕ್ಕದಲ್ಲಿ, ಮಳೆಯಲ್ಲಿ ಕೈಬಿಟ್ಟ ಆ ಹುಡುಗಿಯಂತೆ ನಿಂತಿದ್ದ. ಕೊನೆಗೆ ಬಂದವನು ಸಮೀವುಲ್ಲಾನೇ. ಕಣ್ಣು ತಪ್ಪಿಸಿ, ಹಳದಿಗಿಂತಲೂ ಕೆಳಗಿನ ಬೆಲೆಗೆ ಇಡೀ ರಾಶಿಯನ್ನು ಹರಾಜಿನಲ್ಲಿ ಕೂಗಿಕೊಂಡ.

ಬಸ್ಸಿನಲ್ಲಿ ಊರಿಗೆ ಮರಳುವಾಗ ಅಂಕಯ್ಯನಿಗೆ ಸಂಶಯವೇ ಉಳಿಯಲಿಲ್ಲ. ಸಂದೇಶ ಇದ್ದುದು ಸಮೀವುಲ್ಲಾನ ಬಳಿ. ಲಾಭವಾದುದೂ ಅವನಿಗೇ. ಇನ್ನು ಕಳ್ಳನನ್ನು ಹುಡುಕುವುದೇನು? ಆದರೆ ಸಿಟ್ಟಿಗಿಂತ ಬೇರೆಯದೊಂದು ಅವನ ಎದೆಯಲ್ಲಿ ಕುಳಿತಿತ್ತು. ತಾನು ಕಿವಿಗೆ ಫೋನಿನ ದಾರ ಸಿಕ್ಕಿಸಿಕೊಂಡು ಪರದೇಶದ ಹುಡುಗಿಯೊಬ್ಬಳಿಗಾಗಿ ಅಳುತ್ತಿದ್ದಾಗ, ಸೊಪ್ಪು ಕತ್ತರಿಸುತ್ತಿದ್ದವಳು ಕಾವೇರಮ್ಮ. ಅವಳ ತೋರುಬೆರಳಿನಲ್ಲಿ ಕತ್ತಿಯ ಗೀರಿತ್ತು. ಅದಕ್ಕೆ ಬಟ್ಟೆ ಕಟ್ಟಿದ್ದನ್ನು ಅವನು ಕಂಡಿದ್ದ, ಏನಾಯಿತೆಂದು ಕೇಳಿರಲಿಲ್ಲ. ಆಗ ಕಂತು ಮುಗಿಯುವ ಹಂತದಲ್ಲಿತ್ತು.

ಬಸ್ಸಿನ ಕಿಟಕಿಯಾಚೆ ಬಂಡೆಬೆಟ್ಟಗಳು ಹಿಂದಕ್ಕೆ ಸರಿದವು. ಸಾವನದುರ್ಗ ಅಲ್ಲಿಂದ ಕಾಣುವುದಿಲ್ಲ. ಆದರೂ ಅವನು ಆ ದಿಕ್ಕಿಗೆ ನೋಡಲಿಲ್ಲ.

ಮನೆಗೆ ಬಂದರೆ ಅವರೆಕಾಳಿನ ಸಾರಿನ ಪರಿಮಳ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದವನ ಕೈಗೆ ಕಾವೇರಮ್ಮ ನೀರಿನ ಚೊಂಬು ಕೊಟ್ಟಳು.

"ಹೋಗ್ಲಿ ಬುಡಿ. ಮುಂದಲ ಬೆಳೆ ಹಳದಿ ಇಡುವಾ."

"ಸಾವನದುರ್ಗ..."

"ಬೆಟ್ಟ ಎಲ್ಲೋಯ್ತದೆ?"

ಇಂಥ ಮೃದುಮಾತು ಅವನು ಅವಳಿಂದ ಕೇಳಿ ವರ್ಷಗಳಾಗಿದ್ದವು. ಈಗಲೇ ಎಲ್ಲವನ್ನೂ ಒಪ್ಪಿಕೊಂಡುಬಿಡಬೇಕೆನ್ನಿಸಿತು: ಕೊರಿಯಾ, ಡಾಕ್ಟರು, ಸುಣ್ಣದ ಪುಡಿಯ ಸುಳ್ಳು, ಬೆಟ್ಟದ ಮೇಲೆ ಹೇಳಬೇಕೆಂದಿದ್ದ ಮಾತು. "ಕಾವೇರಿ," ಎಂದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಳು ಒಳಗೆ ಹೋದಳು.

ಸಮೀವುಲ್ಲಾ. ಅಂಕಯ್ಯ ಜಗುಲಿಗೆ ಬಂದು ಉಗಿಯುವಂತೆ ಹೇಳಿದ, "ಫೋನ್ ಮಡಗಿ ಸಾಹೇಬ್ರೇ. ನಿಮ್ ದೋಸ್ತಿ ಸಾಕು."

"ಸುನೋ ಭಾಯ್, ನನ್ ತಪ್ಪು. ಎಲ್ಲಾರ್ ಮುಂದೆ ಮರ್ಯಾದೆಗೆ ಹೆದರ್‌ಬಿಟ್ಟೆ. ಇನ್ನೊಂದು ಹೇಳ್ತೀನಿ, ಅಳಬೇಡ. ನಿನ್ ಗೂಡು ಒಸಿ ಬೇಯಿಸಿ ನೋಡ್ದೆ. ಒಂದೆಳೆ ತುಂಡಾಗಿಲ್ಲ. ಇಂಥ ನೂಲು ನಾನ್ ಕಂಡೇ ಇಲ್ಲ. ಮತ್ತೆ... ಕೊನೇ ಕಂತೂ ನೋಡ್ದೆ. ಡಾಕ್ಟ್ರು ವಾಪಸ್ ಬಂದ. ಅವನ್ ತಪ್ಪೇನೂ ಇರಲಿಲ್ಲ."

ಅಂಕಯ್ಯ ಕಂಬಕ್ಕೊರಗಿದ. ಎರಡು ಬಿಳಿಗೂಡುಗಳನ್ನು ಒಂದೇ ಸಂಜೆ ಸುಳ್ಳುಸುಳ್ಳೇ ಬೈದಿದ್ದ.

"ಮತ್ಯಾಕ್ ಹರಡಿದ್ರಿ?"

"ಕಸಮ್, ಆಣೆಗೂ ನಾನಲ್ಲ! ನನ್ ಹೆಂಡ್ತಿ ತಾಹೇರಾ ಫೋನಿಗೆ ಅದು ನಿಮ್ಮೂರ ಹೆಂಗಸರ ಸಂಘದ ಗ್ರೂಪಿಂದ ಬಂದಿರೋದು. ಆ ಗ್ರೂಪು ನಿನ್ ಫೋನಲ್ಲೇ ಐತಂತೆ. ತೆಗೆದು ನೋಡು."

ಇತ್ತು. ಸೋಪುಪುಡಿ, ಹಪ್ಪಳ, ಶುಭೋದಯದ ಹೂಗಳು ತುಂಬಿದ ಆ ಗ್ರೂಪನ್ನು ಅಂಕಯ್ಯ ಒಂದು ದಿನವೂ ತೆರೆದವನಲ್ಲ. ಇಡೀ ದಿನ ಕಳ್ಳನ ಗುರುತು ಅವನ ಅಂಗಿಯ ಜೇಬಿನಲ್ಲೇ ಮಾರುಕಟ್ಟೆ ತಿರುಗಿ ಬಂದಿತ್ತು. ಬೆರಳು ಜಾರಿಸಿ ಮೇಲಕ್ಕೆ ಹೋದ. ನಿನ್ನೆ ಸಂಜೆ, ತಾನು ಸ್ನಾನಕ್ಕೆ ಹೋಗಿದ್ದ ಹೊತ್ತಿಗೆ ಸರಿಯಾಗಿ, ತನ್ನದೇ ಅಳು. ಅದರ ಕೆಳಗೆ ನಾಲ್ಕು ಸಾಲು:

'ಕೇಳಿಸ್ಕಳ್ರವ್ವಾ. ಹಳದಿಗೂಡೇ ಗಟ್ಟಿ ಅಂತ ಅಳ್ತಾ ಒಪ್ಕಂಡವ್ರೆ. ನನ್ ಮಾತಿಗೆ ಇವ್ರು ಬೆಲೆ ಕೊಟ್ಟಿದ್ದು ಮೂವತ್ತು ವರ್ಸಕ್ಕೆ ಇದೇ ಮೊದಲು. ಇನ್ನ ಯಾವ ಬೆಟ್ಟಕ್ಕೂ ಕರ್ಕಂಡೋಗದಿದ್ರೂ ಸೈ, ನನಗೆ ಇಷ್ಟೇ ಸಾಕು.'

ಒಳಗಿನಿಂದ ತಟ್ಟೆ ಇಟ್ಟ ಸದ್ದು ಬಂತು. ಆ ಕಣ್ಣೀರು ಯಾರಿಗಾಗಿ ಎಂಬ ಸತ್ಯವನ್ನು ಅಂಕಯ್ಯ ಇನ್ನು ಬಾಯಿಬಿಡುವಂತಿರಲಿಲ್ಲ. ಒಂದೇ ಫೋನಿನ ಮನೆ. ಯಾರು ಬರೆದರೆಂದು ತಿಳಿಯಲು ಕೊನೆಯಲ್ಲಿ ಹೆಸರು ಹಾಕುವ ರೂಢಿ. ಹಾಕಿತ್ತು:

ಇಂತಿ, ಕಾವೇರಮ್ಮ.