ಗಿರಣಿ ಜಗುಲಿಯಲ್ಲಿ ಅಳಿಯನ ಊಟ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಮೈಸೂರಿನಲ್ಲಿ ಬಿ.ಎಸ್‌ಸಿ. ಓದುವಾಗ, ಪ್ರಮಾಣವಿಲ್ಲದೆ ಯಾವುದನ್ನೂ ಒಪ್ಪಬಾರದೆಂದು ಕಲಿಸಿದರು. ಕಲಿಸಿದವರು ಯಾರೆಂಬುದು ಮರೆತುಹೋಗಿದೆ. ಆದ್ದರಿಂದ ಯಳಂದೂರಿನಲ್ಲಿ ಅಕ್ಕಿ ಗಿರಣಿ ಹಾಕೋಣವೆಂದು ಮೊದಲು ಹೇಳಿದವನು ನಾನೋ, ನನ್ನ ಮಾವನೋ ಎಂದು ಕೇಳಿದರೆ ತಡವರಿಸುತ್ತೇನೆ. ಗಿರಣಿ ಚೆನ್ನಾಗಿ ಓಡುತ್ತಿರುವ ಈ ದಿನಗಳಲ್ಲಿ ಮಾವ ತಾವೇ ಎನ್ನುತ್ತಾರೆ. ಅದು ಸುಮ್ಮನೆ ನಿಂತಿದ್ದಾಗ ಅಳಿಯನೇ ಎನ್ನುತ್ತಿದ್ದರು.

ಹೊಸ ಯಂತ್ರಕ್ಕೆ ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅರ್ಥಶಾಸ್ತ್ರದ ಪುಸ್ತಕಗಳು ಬಂಡವಾಳ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. ನಮ್ಮ ಮನೆಯಲ್ಲಿ ಅದು ಮಾವನ ಒಂದು ಜೊತೆ ಎತ್ತು ಮತ್ತು ಅತ್ತೆಯ ಚಿನ್ನದ ಬಳೆಗಳ ರೂಪದಲ್ಲಿತ್ತು. ಎತ್ತುಗಳು ಸಂತೆಗೆ ಹೊರಟಾಗ ಮಾವ ಕಣ್ಣೊರೆಸಿಕೊಂಡರು. ಬಳೆ ಬಿಚ್ಚುವಾಗಲೂ ಒರೆಸಿಕೊಂಡರೇ ಎಂಬುದು ನೆನಪಿಲ್ಲ. ಎಂಜಿನ್ನು ಕೊಳ್ಳೇಗಾಲದಿಂದ ಲಾರಿಯಲ್ಲಿ ಬಂತು. ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದು, ಯಳಂದೂರು ಮೈಸೂರಿಗೆ. ಸರ್ಕಾರ ಬದಲಾದದ್ದು ಎಂಜಿನ್ನಿಗೆ ತಿಳಿಯಲಿಲ್ಲ. ಅಲ್ಲಿ ಕೆಮ್ಮಿದ ಹಾಗೆಯೇ ಇಲ್ಲೂ ಕೆಮ್ಮಿತು.

ಪೂಜೆಗೆ ಊರೆಲ್ಲ ಬಂತು. ಕಾಯಿ ಒಡೆದದ್ದಾಯಿತು, ಪುರಿ ಕಡಲೆ ಹಂಚಿದ್ದಾಯಿತು. ಭತ್ತ ಮಾತ್ರ ಯಾರೂ ತರಲಿಲ್ಲ. ಮಾವ ಕಣ್ಣಿಟ್ಟಿದ್ದದ್ದು ಹೊನ್ನೂರಿನ ಪುಟ್ಟಮಾದಪ್ಪನ ಮೇಲೆ. ಅವನು ಭತ್ತ ಬೆಳೆಯುವ ದೊಡ್ಡ ರೈತ. ಅವನ ಗಾಡಿ ಬಂದರೆ ಉಳಿದವರ ಗಾಡಿಗಳೂ ಹಿಂದೆಯೇ ಬರುತ್ತವೆ. ಅವನು ಎಂಜಿನ್ನನ್ನು ಒಂದು ಸುತ್ತು ಬಂದು ನೋಡಿ, ನನ್ನ ಕಡೆ ತಿರುಗಿದ.

"ಎಣ್ಣೆ ಕುಡ್ದು ಬೆಂಕಿ ಉಗುಳೋ ಮಿಸನ್ನು ಸಾ ಇದು. ಇದ್ರಾಗೆ ಬಿದ್ದೆದ್ದ ಅಕ್ಕೀಲಿ ಸತ್ವ ಎಲ್ಲುಳಿದದು?"

ಎಣ್ಣೆ ಕುಡಿಯುವುದು ಎಂಜಿನ್ನು, ಅಕ್ಕಿಯಲ್ಲ ಎಂದು ವಿವರಿಸತೊಡಗಿದೆ.

"ಓದ್ದೋರು, ಏನ್ ಬೇಕಾರೂ ಏಳ್ತೀರಿ. ನಿಮ್ಮನೇಲಿ ಉಣ್ಣೋದು ಯಾವಕ್ಕಿ? ಅದ ಏಳಿ ಮೊದ್ಲು."

ನಾನು ಮಾವನ ಮುಖ ನೋಡಿದೆ. ಮಾವ ಗಿರಣಿಯ ಬೆಲ್ಟನ್ನು ನೋಡಿದರು. ಅದೇ ಹೊತ್ತಿಗೆ ಗಿರಣಿಗೆ ಅಂಟಿಕೊಂಡಿದ್ದ ನಮ್ಮ ಮನೆಯ ಹಿತ್ತಿಲಿನಿಂದ ಅತ್ತೆಯ ಒನಕೆಯ ಸದ್ದು ಎಲ್ಲರಿಗೂ ಕೇಳಿಸಿತು. ಅತ್ತೆಯ ನಿಲುವಿನಲ್ಲಿ ಗೊಂದಲವಿರಲಿಲ್ಲ: "ಮಿಸನ್ನಿಗೆ ಬಳೆ ಕೊಟ್ಟಿವ್ನಿ. ಒಟ್ಟೆನೂ ಕೊಡು ಅಂದ್ರೆ ಆಗಕಿಲ್ಲ."

ಅತ್ತೆಯನ್ನು ದೂರಿ ಫಲವಿಲ್ಲ. ಕೊಳ್ಳೇಗಾಲದ ನನ್ನ ಪರಿಚಯದ ರೇಷ್ಮೆ ವ್ಯಾಪಾರಿಯೊಬ್ಬರು ಟೈಪ್‌ರೈಟರ್ ತರಿಸಿ ಅಂಗಡಿಯ ನಡುಮಧ್ಯೆ ಇಟ್ಟಿದ್ದಾರೆ. ಅದಕ್ಕೆ ರೇಷ್ಮೆಯ ಮುಸುಕಿದೆ, ಶುಕ್ರವಾರಕ್ಕೊಂದು ಹೂವಿನ ಸರವಿದೆ. ಕಾಗದಗಳನ್ನೆಲ್ಲ ಗುಮಾಸ್ತ ಅದರ ಪಕ್ಕದಲ್ಲೇ ಕೂತು ಲೇಖನಿಯಿಂದ ಬರೆಯುತ್ತಾನೆ. ಹೊಸದನ್ನು ಕೊಳ್ಳುವ ಧೈರ್ಯ ನಮ್ಮಲ್ಲಿ ಧಾರಾಳವಾಗಿದೆ. ಕೊಂಡದ್ದನ್ನು ಮುಟ್ಟಲು ಬೇರೆ ಯಾರಾದರೂ ಬೇಕು.

ನಮ್ಮ ಮನೆಯಲ್ಲಿ ಆ ಬೇರೆಯವನು ನಾನಾದೆ. ಆ ಸಂಜೆ ಮಾವ ತೀರ್ಪು ಕೊಟ್ಟರು: "ಅಳಿಯಂದ್ರೇ, ನಾಳೆಯಿಂದ ಮದ್ಯಾನದ ಊಟ ಗಿರಣಿ ಜಗುಲೀಲಿ. ನಮ್ಮ ಬತ್ತದ್ದೇ ಗಿರಣಿ ಅಕ್ಕಿ ಅನ್ನ. ಎಲ್ರೂ ನೋಡಂಗೆ ಉಣ್ಣಬೇಕು."

"ನಾನೇ ಯಾಕೆ ಮಾವ? ನೀವು?"

"ನಾ ಉಂಡು ಏನಾರ ಆದ್ರೆ ಗಿರಣಿ ನೋಡ್ಕೊಳ್ಳೋರ್ಯಾರು? ಸುಗ್ಗಿ ಮುಗಿಯೋದ್ರೊಳಗೆ ಬತ್ತ ಬರ್ನಿಲ್ಲ ಅಂದ್ರೆ ಎಂಜಿನ್ ಮಾರ್ಬುಡ್ತೀನಿ. ನಿಮ್ಮತ್ತೆ ಬಳೇನ ನೀವೇ ಮಾಡಿಸ್ಕೊಡಿ."

ನನ್ನ ಆದಾಯದಲ್ಲಿ ಅತ್ತೆಗೆ ಗಾಜಿನ ಬಳೆ ಕೊಡಿಸುವುದೂ ಕಷ್ಟವಿತ್ತು. ಎಲೆಯ ಮುಂದೆ ಕೂತೆ. ಜನ ಗುಂಪುಗಟ್ಟಿ ನೋಡಿದರು. "ಕಣ್ಣು ಒಳಕ್ಕೆ ಓಗವೆ ಕಣ್ಲಾ" ಎಂದನೊಬ್ಬ. "ಅದು ಓದಿ ಓದಿ ಆಗಿರೋದು, ಅನ್ನದ್ದಲ್ಲ ಬುಡ್ಲಾ" ಎಂದ ಇನ್ನೊಬ್ಬ. ನನಗೆ ನೆಗಡಿಯಾಯಿತೆಂದರೆ ಮಾವನಿಗೆ ಜೀವವೇ ಹೋದಂತೆ. "ಒಳಗೋಗಿ ಸೀನಿ, ವ್ಯಾಪಾರ ಕೆಡ್ತದೆ" ಎಂದು ಅಟ್ಟುತ್ತಿದ್ದರು. ಪುಟ್ಟಮಾದಪ್ಪ ಆಗಾಗ ಬಂದು, ಕೊಳ್ಳಲಿರುವ ಎತ್ತನ್ನು ತಟ್ಟುವಂತೆ ನನ್ನ ಭುಜ ತಟ್ಟಿ ಹೋಗುತ್ತಿದ್ದ. ಸುಗ್ಗಿ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ನನ್ನನ್ನು ಎದ್ದು ನಿಲ್ಲಿಸಿ, ಪಕ್ಕದಿಂದ ನೋಡಿ, ಊರಿಗೆಲ್ಲ ಕೇಳುವಂತೆ ಸಾರಿದ: "ನೋಡ್ರಲಾ, ಒಟ್ಟೆ ಬಂದದೆ!"

ಮರುದಿನ ಹೊನ್ನೂರಿನ ಗಾಡಿಗಳು ಬಂದವು. ಸುಗ್ಗಿ ಮುಗಿಯುವ ಹೊತ್ತಿಗೆ ಗಿರಣಿಯ ಮುಂದೆ ನೊಗ ಇಳಿಸಲು ಜಾಗವಿರಲಿಲ್ಲ. ಅತ್ತೆಯ ಕೈಗೆ ಮೊದಲಿಗಿಂತ ದಪ್ಪನೆಯ ಬಳೆಗಳು ಬಂದವು.

ಕಳೆದ ವಾರ ಆ ಟೈಪ್‌ರೈಟರ್ ಯಜಮಾನರು ಮನೆಗೆ ಬಂದಿದ್ದರು. ಪ್ರತ್ಯಕ್ಷ ಪ್ರಯೋಗದ ಮಹಿಮೆಯನ್ನು ಅವರಿಗೆ ವಿಸ್ತಾರವಾಗಿ ಬಣ್ಣಿಸಿದೆ. ಅವರನ್ನು ಬೀಳ್ಕೊಟ್ಟು ಒಳಗೆ ಬಂದರೆ ಹೆಂಡತಿ ಗೌರಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಜಗುಲೀಲಿ ನೀವು ಉಂಡಿದ್ದು ಗಿರಣಿ ಅಕ್ಕಿ ಅಂತ ಯಾರೇಳಿದ್ರು? ಅವ್ವ ಕುಟ್ಟಿದ ಅಕ್ಕೀನೇ ಬೇಯಿಸಿ ಕಳಿಸ್ತಿತ್ತು. ಬಳೆ ಓದ್ರೆ ಓಗ್ಲಿ, ಮಗಳ ತಾಳಿಗೆ ಏನೂ ಆಗಬಾರ್ದು ಅಂತ."

ಅತ್ತೆಯನ್ನು ಕೇಳಿದೆ. ಅವರು ಬಳೆ ಸರಿಮಾಡಿಕೊಳ್ಳುತ್ತ, "ಒಂದೊಂದಿನ ಇದು, ಒಂದೊಂದಿನ ಅದು. ಈಗ್ಯಾಕೆ ಬುಡಿ" ಎಂದರು. ಆ ಅನ್ನದ ರುಚಿಯನ್ನು ಜ್ಞಾಪಿಸಿಕೊಳ್ಳಲು ನೋಡಿದೆ. ಜ್ಞಾಪಕಕ್ಕೆ ಬಂದದ್ದು ಸಾರು ಮಾತ್ರ. ಬಣ್ಣದಿಂದ ಗುರುತಿಸೋಣವೆಂದರೆ, ಚೆನ್ನಾಗಿ ಕುಟ್ಟಿದ ಅಕ್ಕಿಯೂ ಬೆಳ್ಳಗೇ ಇರುತ್ತದೆ. ಮೂರು ಹೊತ್ತೂ ಗಿರಣಿ ಅಕ್ಕಿಯನ್ನೇ ಉಂಡು ಗಟ್ಟಿಮುಟ್ಟಾಗಿರುವುದು ಪುಟ್ಟಮಾದಪ್ಪನ ಮನೆಯವರು. ಪ್ರಯೋಗ ನಡೆದದ್ದು ಹೊನ್ನೂರಿನಲ್ಲಿ. ವಿಜ್ಞಾನ ಓದಿದ ನಾನು ಬರೀ ಉಂಡೆ.