ಸದ್ದು ಯಾವ ಗಾಲಿಯದು?

ನಮ್ಮ ಕಡೆ ಹೆಣ್ಣುಮಗಳೊಬ್ಬಳು ಕಾರು ಕೊಂಡರೆ ಯಾರೂ ಬೇಡ ಅನ್ನುವುದಿಲ್ಲ, ಪೇಢೆ ತಿಂದು ಹೋಗುತ್ತಾರೆ. ಓಡಿಸಿದರೂ ತಕರಾರಿಲ್ಲ, "ಭಾಳ ಧೈರ್ಯ ಬಿಡ್ರಿ ನಿಮ್ಮ ಸೊಸಿದು" ಎಂದು ಅತ್ತೆಯ ಮುಂದೆ ಹೊಗಳುತ್ತಾರೆ. ಆದರೆ ಅದೇ ಹೆಣ್ಣುಮಗಳು "ಈ ಕಾರಿಗೆ ಇಂಥ ರೋಗ ಬಂದಿದೆ" ಎಂದಳೋ, ಊರಿಗೆ ಊರೇ ಅವಳ ಗಂಡನನ್ನು ಹುಡುಕತೊಡಗುತ್ತದೆ. ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಬಾನೆಟ್ ಎಲ್ಲಿಂದ ತೆರೆಯುತ್ತದೆ ಎಂಬುದೂ ಗೊತ್ತಿಲ್ಲ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆದರೆ ಎಲ್ಲರನ್ನೂ ಕ್ಷಮಿಸಿಬಿಟ್ಟೇನು ಎಂಬ ಭಯ.

ನಮ್ಮ ಮನೆ ಹಾನಗಲ್ಲಿನಲ್ಲಿ. ನಾನು ಗಣಿತ ಕಲಿಸುವ ಹೈಸ್ಕೂಲು ತಿಳವಳ್ಳಿಯಲ್ಲಿ. ನನ್ನ ಸಂಬಳದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ದಿನಾ ಹೋಗಿ ಬರುತ್ತೇನೆ. ಒಂದು ದಿನ ಅದು ಗುಂಯ್ ಎನ್ನತೊಡಗಿತು. ವೇಗ ಹೆಚ್ಚಾದಂತೆ ಸದ್ದೂ ಏರುತ್ತಿತ್ತು, ಕ್ಲಚ್ ಒತ್ತಿದರೂ ನಿಲ್ಲುತ್ತಿರಲಿಲ್ಲ. ಅಂದರೆ ಅದು ಎಂಜಿನ್ನಿನ ಸದ್ದಲ್ಲ, ಗಾಲಿಯದು, ಅದೂ ಮುಂದುಗಡೆಯಿಂದ ಬರುತ್ತಿತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ಎಡತಿರುವಿನಲ್ಲಿ ಸದ್ದು ಜೋರಾಗುತ್ತದೆ, ಬಲತಿರುವಿನಲ್ಲಿ ತಗ್ಗುತ್ತದೆ. ಬಸ್ಸು ಎಡಕ್ಕೆ ತಿರುಗಿದಾಗ ನಾವೆಲ್ಲ ಬಲಕ್ಕೆ ವಾಲಿ ಪಕ್ಕದವರ ಮೇಲೆ ಬೀಳುವುದಿಲ್ಲವೇ? ಹಾಗೆಯೇ ಕಾರಿನ ಭಾರ ಬಲಗಾಲಿಯ ಮೇಲೆ ಬೀಳುತ್ತದೆ. ಆದ್ದರಿಂದ ಮುಂದಿನ ಬಲಗಾಲಿಯ ಬೇರಿಂಗ್ ಸವೆದಿದೆ. ಇದರಲ್ಲಿ ತಪ್ಪೆಲ್ಲಿದೆ, ಹೇಳಿ.

ಮನೆಯಲ್ಲಿ ಇದನ್ನು ಹೇಳಿದೆ. ನಮ್ಮವರದು ಭಾಂಡೆ ಅಂಗಡಿ. ಮೂವತ್ತು ವರ್ಷದಿಂದ ಕೊಡ, ಬೋಗುಣಿಗಳನ್ನು ಬೆರಳಿನಿಂದ ಬಡಿದು ಎಲ್ಲಿ ಸೀಳಿದೆ ಎಂದು ಹೇಳುವ ಆಸಾಮಿ. ಹೀಗಾಗಿ ಜಗತ್ತಿನ ಸದ್ದುಗಳೆಲ್ಲ ತಮ್ಮ ಇಲಾಖೆ ಎಂದು ನಂಬಿದ್ದಾರೆ. ನನ್ನ ಜೊತೆ ಒಂದು ಸುತ್ತು ಬಂದು ಇಳಿದವರೇ, "ಎಡಕ ಐತಿ ಬಿಡ" ಎಂದರು. ನನ್ನ ತಿರುವಿನ ಲೆಕ್ಕವನ್ನು ಕೇಳಲೂ ಇಲ್ಲ.

ಅಷ್ಟರಲ್ಲಿ ಅತ್ತೆ ಬಾಯಿ ಹಾಕಿದರು. "ಸದ್ದ ಮಾಡೋ ಗಾಡಿ ಯಾಕ ಬೇಕವಾ? ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ. ರವಿವಾರ ಹಂಸಭಾವಿಯಿಂದ ಅಳಿಯಾ ಬರ್ತಾನ. ಅಂವಾ ತಗೊಂಡ ಹೋಗಲಿ, ರಿಪೇರಿ ಮಾಡಿಸ್ಕೋತಾನ." ಅಳಿಯ ಅಂದರೆ ನನ್ನ ನಾದಿನಿಯ ಗಂಡ. ನನಗೆ ಉರಿದುಹೋಯಿತು. ಬಸ್ ಫ್ರೀ ಆದಾಗಿನಿಂದ ನನ್ನ ಕಾರಿನ ಮೇಲೆ ಎಲ್ಲರ ಕಣ್ಣು. ಆ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ ಎಂಬುದನ್ನು ಯಾರೂ ಹೇಳುವುದಿಲ್ಲ. ರವಿವಾರದೊಳಗೆ ಸದ್ದು ಹೋಗಬೇಕು, ಇಲ್ಲವಾದರೆ ಕಾರೇ ಹೋಗುತ್ತದೆ ಎಂಬುದು ನನಗೆ ಅಲ್ಲಿಗೆ ಖಾತ್ರಿಯಾಯಿತು.

ಗುರುವಾರ ರಜೆ ಹಾಕಿ ಸವಣೂರಿಗೆ ಹೋದೆ. ಅಲ್ಲಿನ ಗೌಸುಸಾಬ್ ಮೇಸ್ತ್ರಿಯ ಕೈಗುಣ ದೊಡ್ಡದು ಎಂದು ಕೇಳಿದ್ದೆ. ಒಳ್ಳೆಯ ಮನುಷ್ಯ. ಕುರ್ಚಿ ಒರೆಸಿ, "ಕುಂದರ್ರಿ ಮೇಡಂ" ಎಂದು ಚಹಾ ತರಿಸಿದರು. ಆಮೇಲೆ ಬಾಗಿಲ ಕಡೆ ನೋಡುತ್ತ ಕೇಳಿದರು, "ಸರ್ ಬಂದಿಲ್ಲೇನ್ರಿ?"

"ಇಲ್ರಿ. ಕಾರ್ ನಂದು, ಓಡ್ಸಾಕಿನೂ ನಾನ."

"ಅಲ್ರಿ, ಸರ್ ಬಂದಿದ್ರ ಚೊಲೋ ಆಗತಿತ್ತು."

ನಾನು ಬಿಡದೆ, ಅವರ ಗೋಡೆಯ ಮೇಲೆಯೇ ಸೀಮೆಸುಣ್ಣದಿಂದ ರಸ್ತೆಯ ತಿರುವು, ಕಾರು, ಭಾರ ಬೀಳುವ ದಿಕ್ಕು ಎಲ್ಲವನ್ನೂ ಬರೆದು ತೋರಿಸಿದೆ. ನನ್ನ ಹತ್ತನೇ ಇಯತ್ತೆಯ ಮಕ್ಕಳಾದರೂ ತಿಳಿಯದಿದ್ದರೆ ತಲೆ ಕೆರೆದುಕೊಳ್ಳುತ್ತಾರೆ. ಗೌಸುಸಾಬ್ ಅತ್ಯಂತ ಗೌರವದಿಂದ ಕೊನೆಯವರೆಗೂ ಕೇಳಿ, "ಸರ್ ಫೋನ್ ನಂಬರ್ ಕೊಡ್ರಿ" ಎಂದರು. ಜಾಕ್ ಹಚ್ಚಿ ಗಾಲಿ ತಿರುಗಿಸಿದ್ದೂ ಆಯಿತು. ಆದರೆ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದರ ಗದ್ದಲದಲ್ಲಿ ಯಾವ ಗಾಲಿಯ ಸದ್ದೂ ಕೇಳುವಂತಿರಲಿಲ್ಲ. ಕೊನೆಗೆ ಫೋನಿನಲ್ಲಿ ನಮ್ಮವರು ಭಾಂಡೆ ಅಂಗಡಿಯ ಗಾದಿಯ ಮೇಲೆ ಕುಳಿತೇ ಎಡಗಾಲಿ ಎಂದು ತೀರ್ಪು ಕೊಟ್ಟರು. "ಸರ್ ಹೇಳಿದ ಮ್ಯಾಲ ಮುಗೀತಲ್ರಿ" ಎಂದ ಮೇಸ್ತ್ರಿ, ಎಡಗಾಲಿ ಬಿಚ್ಚಿ, ಪ್ರೆಸ್ಸಿನಲ್ಲಿ ಹಳೆಯ ಬೇರಿಂಗ್ ಒತ್ತಿ ತೆಗೆದು ಹೊಸದನ್ನು ಕೂರಿಸಿದರು. ನಾನು ಹಲ್ಲು ಕಚ್ಚಿಕೊಂಡು ಎರಡನೇ ಚಹಾ ಕುಡಿದೆ.

ನಮ್ಮವರಿಗೆ ಸದ್ದು ಎಡಕ್ಕೆ ಯಾಕೆ ಕೇಳಿತು ಎಂಬುದು ವಾಪಸ್ ಬರುವಾಗ ಹೊಳೆಯಿತು. ಓಡಿಸಲು ಬಾರದ ಮನುಷ್ಯ ಕಾರಿನಲ್ಲಿ ಕೂರುವುದೇ ಎಡಗಡೆ! ಅವರ ಕಾಲಿನ ಮುಂದೆಯೇ ಎಡಗಾಲಿ. ಮನೆಗೆ ಬಂದು ಇದನ್ನು ಹೇಳಿದರೆ, "ಕಿವಿ ಎರಡೂ ಕಡೆ ಅದಾವು" ಎಂದರು. ಇಂಥವರಿಗೆ ಏನು ಹೇಳುವುದು?

ಸದ್ದು ಇನ್ನೂ ಇತ್ತೇ ಎಂದು ನೀವು ಕೇಳಬಹುದು. ಇತ್ತು. ಎಡತಿರುವಿನಲ್ಲಿ ಮೊದಲಿನ ಹಾಗೆಯೇ ಏರುತ್ತಿತ್ತು. ಒಟ್ಟಾರೆ ಸ್ವಲ್ಪ ಕಡಿಮೆಯಾದ ಹಾಗೆ ಕಂಡಿದ್ದು ನಿಜ. ಆದರೆ ಅದನ್ನು ಮನೆಯಲ್ಲಿ ಹೇಳಲು ನನಗೇನು ಹುಚ್ಚೇ? "ಏನೂ ಫರಕಾಗಿಲ್ಲ" ಎಂದೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಸೀದಾ ಸವಣೂರು. ಗೌಸುಸಾಬ್ ಬಾಯಿ ತೆರೆಯುವ ಮೊದಲೇ, "ಸರ್ ಬಂದಿಲ್ಲ. ಇವತ್ತ ನೀವು ನನ್ನ ಕೂಡ ಬರ್ರಿ" ಎಂದು ಅವರನ್ನು ಕಾರಿಗೆ ಹತ್ತಿಸಿದೆ. ಅದೂ ಹಿಂದಿನ ಸೀಟಿಗೆ, ಬಲಗಡೆ. ಬಂಕಾಪುರ ರಸ್ತೆಯಲ್ಲಿ ಮೊದಲ ಎಡತಿರುವು ಬಂತು. ಗುಂಯ್ ಎಂಬುದು ಗುಂಯ್ಯ್ಯ್ ಎಂದಾಯಿತು. ಕನ್ನಡಿಯಲ್ಲಿ ನೋಡಿದರೆ ಮೇಸ್ತ್ರಿ ಕಿವಿಯನ್ನು ಕಿಟಕಿಗೆ ಹಚ್ಚಿದ್ದರು. "ಯಾ ಅಲ್ಲಾ! ಬಲಕ ಐತಲ್ರೀ ಮೇಡಂ!" ಎಂದರು, ತಾವೇ ಕಂಡುಹಿಡಿದವರ ಹಾಗೆ.

ಸಂಜೆಯ ಹೊತ್ತಿಗೆ ಬಲಗಾಲಿಯ ಬೇರಿಂಗೂ ಬದಲಾಯಿತು. ತೆಗೆದದ್ದನ್ನು ಕೈಯಲ್ಲಿ ತಿರುಗಿಸಿದರೆ ಉಸುಕು ತುಂಬಿದಂತೆ ಕರಕರ ಎನ್ನುತ್ತಿತ್ತು. ನನ್ನ ಎದೆ ಉಬ್ಬಿತು. ಅದೇ ಹೊತ್ತಿಗೆ ಮೇಸ್ತ್ರಿ ಗುರುವಾರ ತೆಗೆದಿಟ್ಟಿದ್ದ ಎಡಗಡೆಯದನ್ನೂ ತಂದು ತಿರುಗಿಸಿದರು. ಅದೂ ಕರಕರ ಎಂದಿತು. "ಸರ್ ಹೇಳಿದ್ದೂ ಖರೇನ ನೋಡ್ರಿ. ಎರಡೂ ಹೋಗಿದ್ದು" ಎಂದರು. ಈ ಮಾತನ್ನು ಅವರು ಹೇಳದಿದ್ದರೆ ಆಗುತ್ತಿತ್ತು. ಎಡಗಡೆಯ ಆ ಬೇರಿಂಗ್ ಈಗ ಭಾಂಡೆ ಅಂಗಡಿಯಲ್ಲಿ ರಸೀದಿ ಹಾರದಂತೆ ಒತ್ತಿಡುವ ಕಲ್ಲಾಗಿದೆ. ಬಂದವರಿಗೆಲ್ಲ ಅದರ ಕಥೆ ಹೇಳುತ್ತಾರೆ. ಬಲಗಡೆಯದರ ಸುದ್ದಿಯೇ ಇಲ್ಲ.

ರವಿವಾರ ಹಂಸಭಾವಿಯ ಅಳಿಯ ಬಂದ. ಅವನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದೆ. ಕಾರು ಹಾಲು ಕುಡಿದ ಕೂಸಿನಂತೆ ಸುಮ್ಮನಿತ್ತು. ಗೆದ್ದೆ ಅಂದುಕೊಂಡೆ. ಇಳಿದವನೇ, "ಏನ್ ಗಾಡಿರೀ ಇದು! ಹಿಂಗಿದ್ರ ನಾನ ಒಯ್ತೇನಿ" ಎಂದ. ಸದ್ದಿದ್ದಾಗ ರಿಪೇರಿ ಮಾಡಿಸಲು ಬೇಕಾಗಿದ್ದ ಕಾರು ಸದ್ದು ಹೋದ ಮೇಲೆ ಇನ್ನೂ ಹೆಚ್ಚಾಗಿ ಬೇಕಾಯಿತು! ನಾನು ಅತ್ತೆಯ ಮುಂದೆಯೇ ಹೇಳಿದೆ, "ನಿಮಗೂ ಬಸ್ ಐತಲ್ರಿ. ಟಿಕೆಟ್ ತಗೋಬೇಕು, ಅಷ್ಟ." ಅತ್ತೆ ಒಳಗೆ ಹೋದರು. ನಮ್ಮವರು ಮಾತ್ರ, "ಕಾರ್ ಇಕಿದೈತೋ ಮಾರಾಯಾ" ಎಂದರು. ಆ ಒಂದು ಮಾತಿಗೆ ಎಡಗಾಲಿಯ ತಪ್ಪನ್ನು ಅರ್ಧ ಮನ್ನಿಸಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಬೋಲ್ಟುಗಳನ್ನು ಬಿಚ್ಚಿದ್ದರಿಂದ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿರಿ ಎಂದು ಗೌಸುಸಾಬ್ ಹೇಳಿದ್ದರು. ಮರುವಾರ ನಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಗ್ಗಾಂವಿಗೆ ಹೋಗಿ, ಹೆದ್ದಾರಿ ಬದಿಯ ಟೈರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಕಂಪ್ಯೂಟರಿನ ಮುಂದಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ ಮುಂದಿನ ಟೈರಿನ ಅಂಚು ಸವರಿ, "ಒಳಗಡೆ ತಿಂದೈತಿ ನೋಡ್ರಿ. ಅಲೈನ್‌ಮೆಂಟ್ ಹೋಗಿ ಭಾಳ ದಿನ ಆಗೈತಿ" ಎಂದಳು.

ನಾನು ಅವಳ ತಲೆಯ ಮೇಲಿಂದ ಅಂಗಡಿಯ ಒಳಗೆ ಇಣುಕಿ ನೋಡಿದೆ. ಯಾಕೆ ಹಾಗೆ ಮಾಡಿದೆನೋ, ಇಂದಿಗೂ ಗೊತ್ತಿಲ್ಲ. "ಸರ್ ಇಲ್ಲೇನವಾ?" ಎಂದು ಕೇಳಿಬಿಟ್ಟೆ.

"ಅಂಗಡಿ ನಂದ ರೀ" ಎಂದಳು ಅವಳು. ಸಿಟ್ಟು ಮಾಡಿಕೊಳ್ಳಲೂ ಇಲ್ಲ. ದಿನಾ ಕೇಳಿ ಕೇಳಿ ರೂಢಿಯಾಗಿತ್ತೇನೋ. ಗಾಲಿಗಳನ್ನು ನೆಟ್ಟಗೆ ಮಾಡಿಕೊಟ್ಟಳು, ನಾನು ತಲೆ ತಗ್ಗಿಸಿಕೊಂಡು ಹೊರಟೆ.

ವಾಪಸ್ ಬರುವಾಗ ಕಾರಿನದೇನೂ ಸದ್ದಿರಲಿಲ್ಲ. ಆದರೆ ಹಾನಗಲ್ಲು ಮುಟ್ಟುವವರೆಗೂ ಕಿಸಿಕಿಸಿ ಎಂಬುದೊಂದು ಸದ್ದು ಬಿಟ್ಟು ಬಿಟ್ಟು ಬರುತ್ತಲೇ ಇತ್ತು. ಅದು ಎಡಗಡೆಯದೇ ಎಂದು ಈ ಸಲ ನಾನೂ ಒಪ್ಪಿಕೊಳ್ಳಬೇಕಾಯಿತು.